ಜೋಡಿ ಈಸುಬುರುಡೆ

ನಮ್ಮ ಅಡುಗೆಮನೆಯ ಬಾಗಿಲ ಹಿಂದೆ ಒಂದು ಗೂಟವಿದೆ. ಅದಕ್ಕೆ ಒಣಗಿದ ಸೋರೆಬುರುಡೆಯೊಂದು ನೇತಾಡುತ್ತದೆ. ಬೀದರಿನ ಈ ಮನೆಗೆ ಬಂದ ಮೇಲೆ ಮೂರು ಸಲ ಸುಣ್ಣಬಣ್ಣ ಆಯಿತು. ಮೂರು ಸಲವೂ ಬುರುಡೆ ಇಳಿಯಿತು, ಮೂರು ಸಲವೂ ಮತ್ತೆ ಗೂಟ ಸೇರಿತು. ಮೂಗಿಗೆ ಹಿಡಿದರೆ ಅದರಲ್ಲಿ ಇಂದಿಗೂ ಬಾವಿಯ ಪಾಚಿಯ ವಾಸನೆ ಇದೆಯೆಂದು ನನ್ನ ನಂಬಿಕೆ. ಮೊಮ್ಮಗಳು ಅದು ಧೂಳಿನ ವಾಸನೆ ಎನ್ನುತ್ತಾಳೆ. ಅವಳ ಮೂಗು ನನ್ನದಕ್ಕಿಂತ ಎಳೆಯದು, ಅವಳ ಮಾತೇ ನಿಜವಿರಬೇಕು.

ಮೊನ್ನೆ ಆ ಹುಡುಗಿ ಒಂದು ಕೈಯಲ್ಲಿ ಕಸಬರಿಗೆ, ಇನ್ನೊಂದು ಕೈಯಲ್ಲಿ ಪರೀಕ್ಷೆಯ ಪುಸ್ತಕ ಹಿಡಿದು ಜೇಡರಬಲೆ ತೆಗೆಯುತ್ತಿದ್ದಳು. ಸರಕಾರಿ ನೌಕರಿಯ ಪರೀಕ್ಷೆಗೆ ಓದುತ್ತಿದ್ದಾಳೆ. ಬುರುಡೆಯನ್ನು ಇಳಿಸಿ ಕಿವಿಯ ಹತ್ತಿರ ಅಲ್ಲಾಡಿಸಿದಳು.

“ಆಯಿ, ಇದರಾಗ ಹುಳ ಆಗ್ಯಾವ. ಒಗೀಲೇನು?”

“ಅವು ಬೀಜ. ಇದ್ದಲ್ಲೇ ಇಡು.”

ಅವಳು ಅದನ್ನು ಕಟ್ಟೆಯ ಮೇಲಿಟ್ಟು ಗಟ್ಟಿಯಾಗಿ ಓದಲು ಕುಳಿತಳು. ಜಗತ್ತಿನ ಪ್ರಮುಖ ನೌಕಾಯುದ್ಧಗಳು. ಸಲಾಮಿಸ್, ಗ್ರೀಕರು ಮತ್ತು ಪರ್ಷಿಯನ್ನರು, ಗೆದ್ದವರು ಗ್ರೀಕರು. ನಾನು ಅಕ್ಕಿಯ ಕಲ್ಲು ಆರಿಸುತ್ತಿದ್ದೆ. ನನಗೇ ಗೊತ್ತಿಲ್ಲದಂತೆ ಬಾಯಿ ಮಾತಾಡಿತು: “ಹಡಗು ಒಡದವರು ಈಸಿ ದಂಡಿ ಸೇರಿದರು.”

ಅವಳು ಕತ್ತೆತ್ತಿದಳು. ಪರೀಕ್ಷೆ ಮಾಡುವವಳಂತೆ ಮುಂದಿನದನ್ನು ಓದಿದಳು. “ಲೆಪಾಂಟೋ.”

“ಸರಪಳಿ ಬಿಗದು ಹುಟ್ಟು ಹಾಕಸ್ತಿದ್ದರಲ್ಲ, ಆ ಮಂದಿನ್ನ ಬಿಡಿಸಿದರು. ಎಷ್ಟೋ ವರ್ಷದ ಮ್ಯಾಲ ಮನಿಗಿ ಹೋದರು.”

“ನೀ ಕಲ್ತದ್ದು ಏಳನೇತ್ತಾ ಅಲ್ಲೇನ ಆಯಿ?”

“ಅದೂ ಪೂರಾ ಅಲ್ಲ” ಎಂದೆ. ಈ ಯುದ್ಧಗಳನ್ನು ನಾನು ಶಾಲೆಯಲ್ಲಿ ಕಲಿತವಳಲ್ಲ. ನಮ್ಮ ಮನೆಯ ಕಟ್ಟೆಯ ಮೇಲೆ, ಒಂದು ಯುದ್ಧಕ್ಕೆ ಅರ್ಧ ರೊಟ್ಟಿಯಂತೆ ಕಲಿತೆ. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಮ್ಮೂರು ಔರಾದ ತಾಲ್ಲೂಕಿನಲ್ಲಿ, ಠಾಣಾ ಕುಶನೂರಿನಿಂದ ಎರಡು ಹರದಾರಿ. ಸುತ್ತ ಕಪ್ಪು ಎರೆಹೊಲ. ನೀರೆಂದರೆ ಒಂದು ಮೆಟ್ಟಿಲಬಾವಿ, ಅಷ್ಟೇ. ನನಗಿಂತ ಎಂಟು ವರ್ಷ ದೊಡ್ಡವನಾದ ನಮ್ಮಣ್ಣ ಶರಣಪ್ಪ ಈಸು ಕಲಿತದ್ದು ಆ ಬಾವಿಯಲ್ಲಿ. ಅವ್ವ ತಾನೇ ಹಿತ್ತಲಲ್ಲಿ ಬೆಳೆದ ಎರಡು ಸೋರೆಕಾಯಿ ಒಣಗಿಸಿ, ಹಗ್ಗದಿಂದ ಜೋಡಿಸಿ, ಮುಳುಗಬಾರದೆಂದು ಅವನ ಸೊಂಟಕ್ಕೆ ಕಟ್ಟಿದ್ದಳು. ಎರಡು ಬೇಸಿಗೆಯಲ್ಲಿ ಬುರುಡೆ ಬಿಟ್ಟು ಈಸಿದ. ಆಮೇಲೆ ಮುಳುಗಿ ತಳ ಮುಟ್ಟುವ ಹುಚ್ಚು ಹಿಡಿಯಿತು. ನಾನು ಮೆಟ್ಟಿಲ ಮೇಲೆ ಕೂತು ಅವನ ತಲೆ ಮೇಲೆ ಬರುವವರೆಗೆ ಉಸಿರು ಹಿಡಿಯುತ್ತಿದ್ದೆ. ಒಮ್ಮೆಯೂ ಅವನಷ್ಟು ಹೊತ್ತು ಹಿಡಿಯಲಾಗಲಿಲ್ಲ.

ಅವನು ನೌಕಾಪಡೆಗೆ ಸೇರುತ್ತೇನೆಂದಾಗ ಊರೇ ನಕ್ಕಿತು. “ಮದಲ ನಮ್ಮ ಎಮ್ಮಿ ಮೈತೊಳೀಲಾಕ ನೀರ ತೋರ್ಸೋ ತಮ್ಮಾ, ಆಮ್ಯಾಲ ಹಡಗ ಹತ್ತೀಯಂತ” ಎಂದು ಪಕ್ಕದ ಮನೆಯ ಮುದುಕ ಹಂಗಿಸಿದ. ಅಣ್ಣ ಹೋದ. ಮೊದಲ ಕಾಗದದಲ್ಲಿ, ಅವ್ವಾ ಇಲ್ಲಿ ನೀರಿಗೆ ಆಚೆ ದಂಡೆಯೇ ಇಲ್ಲ, ಆದರೆ ಒಂದು ಗುಟುಕೂ ಕುಡಿಯಲು ಬರುವುದಿಲ್ಲ ಎಂದು ಬರೆದಿದ್ದ. ಕಾಗದ ಕೇಳಿ ಅವ್ವ ಗದ್ದಕ್ಕೆ ಕೈಹಚ್ಚಿ ಕುಳಿತಳು.

“ಕುಡೀಲಾಕ ಬರದ ನೀರು ಅಷ್ಟ್ಯಾಕ ಇಟ್ಟಾನ ಶಿವಾ?”

ಈ ಪ್ರಶ್ನೆ ಇವತ್ತಿಗೂ ನನ್ನ ಬಾಯಿಗೆ ಬರುತ್ತದೆ. ದಿನಾ ಲಿಂಗಪೂಜೆ ಮಾಡುವವಳು ಇದನ್ನೆಲ್ಲ ಕೇಳಬಾರದು ಎಂದು ವಿಭೂತಿ ಹಚ್ಚಿಕೊಳ್ಳುತ್ತೇನೆ.

ಎಪ್ಪತ್ತೊಂದರ ಡಿಸೆಂಬರಿನ ಯುದ್ಧದಲ್ಲಿ ಪಶ್ಚಿಮದ ಸಮುದ್ರದಲ್ಲಿ ಅಣ್ಣನಿದ್ದ ಹಡಗು ಮುಳುಗಿತು. ಬಂದ ತಾರು ಇಂಗ್ಲಿಷಿನಲ್ಲಿತ್ತು. ಊರಲ್ಲಿ ಅದನ್ನು ಓದಬಲ್ಲವರು ಒಬ್ಬರೇ, ನಮ್ಮ ಸಾಲಿಯ ಮಾಸ್ತರು. ಅವರು ಊರಹೊರಗಿನ ಬೌದ್ಧರ ಓಣಿಯವರು. ನಮ್ಮ ಮನೆಗೆ ಬಂದರೆ ಹೊರಕಟ್ಟೆಯ ಮೇಲೆ ಕೂರುತ್ತಿದ್ದರು. ಒಳಗೆ ಬನ್ನಿ ಎಂದು ನಾವು ಕರೆಯುತ್ತಿರಲಿಲ್ಲ. ಹಣೆತುಂಬ ವಿಭೂತಿ, ಬಾಯಿತುಂಬ ಬಸವಣ್ಣ, ಹೊಸ್ತಿಲು ಮಾತ್ರ ಹಳೆಯದು.

ಮಾಸ್ತರು ತಾರನ್ನು ಎರಡು ಸಲ ಓದಿ ಹೇಳಿದರು: “ಇನ್ನಾ ಸಿಕ್ಕಿಲ್ಲಂತ್ರಿ ಅಕ್ಕಾ.”

“ಸಿಕ್ಕಿಲ್ಲಂದ್ರ ಹುಡುಕ್ಲಾಕತ್ತಾರ” ಎಂದಳು ಅವ್ವ. ಆ ಒಂದು ಮಾತಿನ ಆಸರೆಯಲ್ಲೇ ಆಕೆ ಹನ್ನೊಂದು ತಿಂಗಳು ದಿನ ದೂಡಿದಳು.

ಬೇಸಿಗೆಯಲ್ಲಿ ಎರಡನೆಯ ಕಾಗದ ಬಂತು. ದುಂಡು ಮುದ್ರೆಯ ದಪ್ಪ ಕಾಗದ. ಅಪ್ಪ ಅದನ್ನು ಹೊಲದಲ್ಲೇ ಮಾಸ್ತರಿಂದ ಓದಿಸಿಕೊಂಡು ಬಂದ. ಬುತ್ತಿ ಒಯ್ದಿದ್ದ ನಾನು ಅಲ್ಲೇ ಇದ್ದೆ. ಹುಡುಕುವುದು ಮುಗಿದಿದೆ, ಮಗ ಸತ್ತನೆಂದೇ ತಿಳಿಯಬೇಕು ಎಂದಿತ್ತು. ಅಪ್ಪ ಅಳಲಿಲ್ಲ. ಮನೆಗೆ ಬಂದು, ಅವ್ವ ನೀರಿಗೆ ಹೋದಾಗ, ಆ ಕಾಗದವನ್ನು ಜೋಳ ತುಂಬುವ ಬಿದಿರಿನ ಗುಮ್ಮಿಯೊಳಗೆ ತೋಳು ಮುಳುಗುವಷ್ಟು ಆಳಕ್ಕೆ ಸೇರಿಸಿದ.

“ಅವ್ವಗ ಹೇಳಬ್ಯಾಡ. ಒಂದು ಮಳಿ ಬರಲಿ, ಬಿತ್ತಿಗಿ ಆಗಲಿ, ನಾನೇ ಹೇಳ್ತೇನಿ.”

ಆ ವರ್ಷ ಮಳೆ ಬರಲಿಲ್ಲ.

ಬರಗಾಲ ಹೇಗಿತ್ತೆಂದು ಯಾರಾದರೂ ಕೇಳಿದರೆ ನಾನು ಬಾವಿಯ ಮಾತು ಹೇಳುತ್ತೇನೆ. ಶ್ರಾವಣದ ಹೊತ್ತಿಗೆ ಅದು ಕಪ್ಪು ಕಲ್ಲಿನ ಗುಂಡಿಯಾಯಿತು. ನಾನು ಸಣ್ಣವಳೆಂದು ಸೊಂಟಕ್ಕೆ ಹಗ್ಗ ಕಟ್ಟಿ ತಳಕ್ಕೆ ಇಳಿಸುತ್ತಿದ್ದರು. ಜಿನುಗಿದ ನೀರನ್ನು ಕರಟದಲ್ಲಿ ಗೀರಿ ಕೊಡ ತುಂಬಬೇಕು. ಒಂದು ದಿನ ಅಲ್ಲಿ, ಗೋಡೆಯ ಕಲ್ಲಿನ ಮೇಲೆ, ಅಣ್ಣ ಕೊರೆದ ಗೆರೆಗಳು ಕಂಡವು. ಮುಳುಗಿದಾಗಲೆಲ್ಲ ಎಷ್ಟು ಆಳ ಹೋದೆನೆಂದು ಗುರುತು ಮಾಡಿದ್ದ. ತೀರ ಕೆಳಗಿನ ಗೆರೆ ನನ್ನ ಮೊಣಕಾಲಿನ ಹತ್ತಿರವಿತ್ತು. ಅದರ ಮೇಲೆ ಕೈಯಿಟ್ಟು ಕತ್ತೆತ್ತಿ ನೋಡಿದೆ. ಇಷ್ಟು ನೀರು ತಲೆಯ ಮೇಲೆ ಹೊತ್ತು ಇವನು ಇಲ್ಲಿ ಕಲ್ಲು ಕೊರೆಯುತ್ತ ಕೂತಿದ್ದನೇ?

ಮಂದಿ ಊರು ಬಿಡತೊಡಗಿದರು. ಗಂಟು ಕಟ್ಟಿ ಭಾಲ್ಕಿಗೆ ನಡೆದು ಅಲ್ಲಿ ರೈಲು ಹತ್ತುವರು. ಕೆಲವರು ಹೈದರಾಬಾದಿಗೆ, ಕೆಲವರು ಮುಂಬಯಿಗೆ. ಮುಂಬಯಿಗೆ ಹೋಗುವವರನ್ನೆಲ್ಲ ಅವ್ವ ತಡೆದು ಕೇಳುತ್ತಿದ್ದಳು: “ಸಮುದ್ರದ ದಂಡಿಗಿ ಹೋದ್ರ ನಮ್ಮ ಶರಣೂನ ಒಂದು ಮಾತ ವಿಚಾರಸ್ರಿ.” ಅವರು ಹೂಂ ಎನ್ನುತ್ತಿದ್ದರು. ಹೊಟ್ಟೆಗಿಲ್ಲದ ಮಂದಿ, ಆದರೂ ಒಬ್ಬರೂ ಆಕೆಗೆ ಒರಟು ಮಾತಾಡಲಿಲ್ಲ. ಅದನ್ನು ನಾನು ದೇವರ ಕೃಪೆಯೆಂದೇ ತಿಳಿದಿದ್ದೇನೆ. ದಸರೆಯ ನಂತರ ಅಪ್ಪನೂ ಹೈದರಾಬಾದಿಗೆ ಹೋದ. ಹೋಗುವಾಗ ನನ್ನ ಮುಖ ನೋಡಿದ. ಕಾಗದದ ಮಾತು ಇಬ್ಬರೂ ಎತ್ತಲಿಲ್ಲ.

ಮನೆಯಲ್ಲಿ ಮುಚ್ಚಿಡಬೇಕಾದದ್ದನ್ನು ಕಾಳಿನಲ್ಲಿ ಮುಚ್ಚಿಡುವುದು ನಮ್ಮ ಕಡೆಯ ರೂಢಿ. ಆದರೆ ಬರದಲ್ಲಿ ಕಾಳಿಗಿಂತ ಮೊದಲು ತೀರುವುದು ಯಾವುದು? ದೀಪಾವಳಿ ಕಳೆದ ಒಂದು ಮುಂಜಾನೆ ಅವ್ವ ಗುಮ್ಮಿಯೊಳಗೆ ಬಗ್ಗಿ ತಳ ಗೀರಿದಳು. ಎರಡು ಹಿಡಿ ಜೋಳದ ಜೊತೆ ಆ ಕಾಗದ ಬಂತು. ಅವ್ವನಿಗೆ ಅಕ್ಷರ ಬರುತ್ತಿರಲಿಲ್ಲ. ಮುದ್ರೆಯ ಮೇಲೆ ಬೆರಳಾಡಿಸಿ ನನ್ನತ್ತ ಚಾಚಿದಳು.

“ಇದು ಏನದ ನೋಡವಾ?”

“ರೇಷನ್ನಿಂದು” ಎಂದೆ.

“ಹೌದೇನು?” ಎಂದು ಅದನ್ನು ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮತ್ತೆ ಕೇಳಲಿಲ್ಲ. ನನ್ನ ಸುಳ್ಳು ನಡೆಯಿತೆಂದು ನಾನು ಗುಡಿಗೆ ಹೋಗಿ ಕೈಮುಗಿದು ಬಂದೆ. ಸುಳ್ಳು ಕಾಯ್ದ ಶಿವನಿಗೆ ಅಡ್ಡಬಿದ್ದ ಪುಣ್ಯಾತ್ಗಿತ್ತಿ ನಾನೊಬ್ಬಳೇ ಇರಬೇಕು.

ಅವತ್ತಿನಿಂದ ಅವ್ವ ಉಣ್ಣುವುದು ಬಿಟ್ಟಳು. ಆಗ ನಮಗೆ ಸರಕಾರ ಕೊಡುತ್ತಿದ್ದದ್ದು ಪರದೇಶದ ಕೆಂಪು ಜೋಳ. ಹಡಗಿನಲ್ಲಿ ಬರುತ್ತದೆಂದು ಹಡಗಿನ ಜೋಳ ಎನ್ನುತ್ತಿದ್ದರು. ರೊಟ್ಟಿ ಬಡಿದರೆ ಅಂಚು ಒಡೆಯುತ್ತಿತ್ತು, ನುಂಗಿದರೆ ಗಂಟಲು ಕೆರೆಯುತ್ತಿತ್ತು. ಅವ್ವ ನನಗೆ ಮಾಡಿ ಹಾಕುವಳು, ತಾನು ಮುಟ್ಟಳು.

“ಯಾಕವಾ ಉಣ್ಣವಲ್ಲಿ?”

“ನನ ಮಗನ ತೆಲಿ ಮ್ಯಾಲಿಂದ ಹಾದು ಬಂದ ಕಾಳು. ನಾ ಒಲ್ಲೆ.”

ಅವನು ನೀರಿನ ಕೆಳಗಿದ್ದಾನೆಂದು ಆಕೆಗೆ ಗೊತ್ತಾಗಿದೆ ಎನ್ನುವುದು ಆ ಒಂದು ಮಾತಿನಲ್ಲೇ ಇತ್ತು. ಹನ್ನೆರಡು ವರ್ಷದ ನನ್ನ ತಲೆಗೆ ಹೊಳೆಯಲಿಲ್ಲ. ನಾಲ್ಕನೆಯ ದಿನ ಅವ್ವ ಗೋಡೆ ಹಿಡಿದು ನಡೆಯತೊಡಗಿದಾಗ ನಾನು ಸಾಲಿಗೆ ಓಡಿದೆ. ಅಲ್ಲಿ ಒಂಬತ್ತು ಮಕ್ಕಳು ಉಳಿದಿದ್ದವು. ಮಿಕ್ಕವರೆಲ್ಲ ಹಿರಿಯರ ಜೊತೆ ಊರು ಬಿಟ್ಟಿದ್ದರು. ಮಾಸ್ತರು ಇಲ್ಲದವರ ಹೆಸರನ್ನೂ ಬಿಡದೆ ಹಾಜರಿ ಕೂಗುತ್ತಿದ್ದರು.

“ಗುರುಜಿ, ಅವ್ವ ಸಾಯ್ತಾಳ್ರಿ.”

ಆ ಸಂಜೆ ಅವರು ಬಂದು ಹೊರಕಟ್ಟೆಯ ಮೇಲೆ ಕೂತರು. ಹೊಸ್ತಿಲ ಒಳಗೆ ಅವ್ವ. ನಡುವೆ ಒಂದು ತಾಟು, ಅದರಲ್ಲಿ ಅರ್ಧ ರೊಟ್ಟಿ.

“ಅಕ್ಕಾ, ಶರಣೂಗ ಈಸ್ಲಾಕ ಬರ್ತಿತ್ತಿಲ್ಲ?”

“ಮೀನ ಈಸಿದಂಗ ಈಸ್ತಿದ್ದ.”

“ಹಂಗಾರ ಕೇಳ್ರಿ” ಎಂದು ಸಲಾಮಿಸ್ ಯುದ್ಧ ಹೇಳಿದರು. ಇಕ್ಕಟ್ಟಾದ ನೀರಿನಲ್ಲಿ ಪರ್ಷಿಯದ ನೂರಾರು ಹಡಗು ಒಂದಕ್ಕೊಂದು ಡಿಕ್ಕಿ ಹೊಡೆದದ್ದು, ಈಸಲು ಬಲ್ಲ ಗ್ರೀಕರು ದಂಡೆ ಸೇರಿದ್ದು. ಈಸಲು ಬಾರದವರ ಗತಿಯನ್ನು ಅವರು ಹೇಳಲಿಲ್ಲ. ಕಥೆ ಮುಗಿದಾಗ ಅವ್ವ ಕೈ ಚಾಚಿ ಆ ಅರ್ಧ ರೊಟ್ಟಿ ಎತ್ತಿಕೊಂಡಳು. ಜಗಿಯುವ ಸಪ್ಪಳ ನನಗೆ ಘಂಟೆಯ ನಾದಕ್ಕಿಂತ ಹಿತವಾಗಿತ್ತು.

ಮರುದಿನ ಲೆಪಾಂಟೋ. ಹದಿನೈದು ವರ್ಷ ಸರಪಳಿಯಲ್ಲಿದ್ದವನು ಮನೆಗೆ ಹೋದ ಎಂದಾಗ ಅವ್ವ ಕೇಳಿದಳು: “ಅವರವ್ವ ಗುರುತ ಹಿಡದಳೇನ್ರಿ?”

“ಹಿಡದಳ್ರಿ” ಎಂದರು ಮಾಸ್ತರು, ಪುಸ್ತಕದಲ್ಲಿ ಇಲ್ಲದ್ದನ್ನು.

ಟ್ರಫಾಲ್ಗರಿನ ದಿನ ಒಬ್ಬ ಹೆಂಗಸಿನ ಕಥೆ. ಗಂಡನನ್ನು ಬಿಟ್ಟಿರಲಾರದೆ ಗಂಡಸಿನ ಬಟ್ಟೆಯಲ್ಲಿ ಹಡಗು ಹತ್ತಿದವಳು. ಹಡಗು ಉರಿದಾಗ ನೀರಿಗೆ ಬಿದ್ದಳು. ವೈರಿಗಳೇ ಎತ್ತಿ ಉಳಿಸಿದರು, ಕೆಲವು ದಿನದಲ್ಲಿ ಗಂಡನೂ ಸಿಕ್ಕ. “ಭಾಳ ಹುಚ್ಚ ಹೆಣ್ಣು” ಎಂದು ಅವ್ವ ನಕ್ಕಳು. ವರ್ಷದ ಮೇಲೆ ನಕ್ಕದ್ದು. ಹೀಗೇ ಸುಶಿಮಾ, ಸೆರೆಸಿಕ್ಕ ರಷ್ಯನ್ನರು ಯುದ್ಧ ಮುಗಿದ ಮೇಲೆ ಮನೆಗೆ ಹೋದದ್ದು. ಕಥೆ ತೀರಿದಂತೆ ಮಾಸ್ತರು ರಜೆಯ ದಿನ ಬೀದರಿಗೆ ಹೋಗಿ ಗ್ರಂಥಾಲಯದಲ್ಲಿ ಹುಡುಕಿ ಬರೆದುಕೊಂಡು ಬರುತ್ತಿದ್ದರು. ಒಂದು ತಿಂಗಳ ಮೇಲೆ ನಡೆಯಿತು ಇದು.

ಒಂದು ದಿನ ಅವರು ಬೀದರಿನಿಂದ ಬಂದವರು ಚೀಲ ತೆರೆಯದೆ ಕೂತರು.

“ಇವತ್ತ ಏನೂ ಇಲ್ರಿ ಅಕ್ಕಾ.”

“ಯುದ್ಧ ತೀರಿದವೇನ್ರಿ ಮಾಸ್ತರ?”

“ಯುದ್ಧ ಭಾಳ ಅವರಿ. ತಿರುಗಿ ಬಂದವರು ತೀರ್ಯಾರ.”

ಅವ್ವ ಸೊಂಟದಿಂದ ಆ ಕಾಗದ ತೆಗೆದು ತಾಟಿನ ಪಕ್ಕ ಇಟ್ಟಳು. ಬೆವರಿಗೆ ಅದರ ಮುದ್ರೆ ಅಳಿಸಿತ್ತು. ಮಾಸ್ತರು ತಲೆ ತಗ್ಗಿಸಿದರು. ನಾನು ಕಂಬದ ಹಿಂದೆ ಸರಿದೆ.

“ಇಕಿ ಅಂಜಬ್ಯಾಡ ಅನ್ರಿ. ರೇಷನ್ನಿಂದು ಅಂದಾಗ ಇಕಿ ಮಾರಿ ನೋಡೇ ತಿಳದೆ. ಮನಿ ಮಂದಿ, ನೀವು, ಎಲ್ಲಾರೂ ನನ್ನ ಉಳಸ್ಲಾಕ ಸುಳ್ಳ ಹೇಳೀರಿ. ಇಷ್ಟ ಮಂದಿ ಯಾರಿಗಿ ಸಿಗ್ತಾರ?”

“ಗೊತ್ತಿದ್ದೂ ದಿನಾ ಯಾಕ ಕೇಳಿದ್ರಿ ಅಕ್ಕಾ?”

“ಅವೂ ಯಾರೋ ಹಡದ ಮಕ್ಕಳೇ ಅಲ್ರಿ? ಒಬ್ಬಾಕಿ ಮನಿಗ್ಯಾದ್ರೂ ಬಂದನಲ್ಲ ಅಂತ ಅರ್ಧ ರೊಟ್ಟಿ ಗಂಟಲಾಗ ಇಳೀತಿತ್ತು.” ಕಾಗದವನ್ನು ಅವರತ್ತ ಸರಿಸಿದಳು: “ಈಗ ಓದ್ರಿ. ಏನೂ ಬಿಡಬ್ಯಾಡ್ರಿ. ಒಳಗ ಬಂದು ಓದ್ರಿ.”

ಮಾಸ್ತರು ನಮ್ಮ ಹೊಸ್ತಿಲು ದಾಟಿದ್ದು ಅವತ್ತೇ ಮೊದಲು. ಕಾಗದದಲ್ಲಿದ್ದದ್ದು ಆರು ಸಾಲು. ಅಷ್ಟು ಯುದ್ಧ ಹೇಳಿದವರಿಗೆ ಆ ಆರು ಸಾಲು ಓದಲು ಸಂಜೆ ಮುಗಿಯಿತು.

ನಮ್ಮಲ್ಲಿ ಸತ್ತವರಿಗೆ ಮಣ್ಣು ಕೊಡಬೇಕು. ಹೆಣವೇ ಇಲ್ಲದ ಮೇಲೆ ಯಾವುದಕ್ಕೆ ಕೊಡುವುದು? ಕ್ರಿಯೆ ಮಾಡಿಸಲು ಕುಶನೂರಿನಿಂದ ಬಂದ ಅಯ್ಯನವರು ಯೋಚಿಸುತ್ತ ಕೂತಾಗ ಅವ್ವ ಅಟ್ಟದಿಂದ ಈಸುಬುರುಡೆಗಳನ್ನು ಇಳಿಸಿ, ಹಗ್ಗ ಬಿಚ್ಚಿ, ಒಂದನ್ನು ಅವರ ಮುಂದಿಟ್ಟಳು. “ಅವನ ಮೈಗಿ ಹತ್ತಿ ಇದ್ದದ್ದು ಇದೇ ರೀ.” ಅಯ್ಯನವರು ಬೇರೆ ಮಾತಾಡದೆ ಅದಕ್ಕೆ ವಿಭೂತಿ ಹಚ್ಚಿದರು. ಹೊಲದ ಮೂಲೆಯಲ್ಲಿ ಗುಂಡಿ ತೋಡಲು ಬರದ ನೆಲ ಕಲ್ಲಾಗಿತ್ತು. ಮೊದಲ ಹಿಡಿ ಮಣ್ಣು ಅವ್ವ ಕೊಟ್ಟಳು, ಎರಡನೆಯದು ನಾನು, ಮೂರನೆಯದು ಮಾಸ್ತರು. ಅಪ್ಪನಿಗೆ ಕಾಗದ ಮುಟ್ಟಿ ಅವನು ಬರುವ ಹೊತ್ತಿಗೆ ಆ ಮಣ್ಣು ಸುತ್ತಲಿನ ಮಣ್ಣಿನ ಬಣ್ಣಕ್ಕೇ ಬಂದಿತ್ತು. ಮಣ್ಣು ಕೊಟ್ಟ ದಿನವೇ ಮನೆಗೆ ಬಂದು ಅವ್ವ ಹಡಗಿನ ಜೋಳ ಬೀಸಿದಳು. ಮೂರು ತಾಟು ಸಾಲಾಗಿ ಒಳಗೇ ಇಟ್ಟಳು. ತಾನು ಒಂದು ಇಡೀ ರೊಟ್ಟಿ ತಿಂದಳು, ನೀರು ಕುಡಿಯದೆ, ಕಣ್ಣು ಎತ್ತದೆ.

ಆಕೆ ಮತ್ತೆ ಹದಿನಾಲ್ಕು ವರ್ಷ ಇದ್ದಳು. ನನ್ನ ಮದುವೆ ನೋಡಿದಳು, ನನ್ನ ಬಾಣಂತನ ಮಾಡಿದಳು. ಇಷ್ಟು ಕೊಟ್ಟವನನ್ನು ಬೈಯಲು ನನಗೆ ಬಾಯಿ ಬರುವುದಿಲ್ಲ.

ಮೊಮ್ಮಗಳು ಪುಸ್ತಕ ಮುಚ್ಚಿ ಬಹಳ ಹೊತ್ತಾಗಿತ್ತು. ಅದರ ಕೊನೆಯ ಹಾಳೆಯಲ್ಲಿ ಎಪ್ಪತ್ತೊಂದೂ ಇತ್ತಂತೆ, ಒಂದು ಸಾಲು. ಗೆದ್ದವರು ನಾವು ಎಂದು. ಅವಳು ಬುರುಡೆಯನ್ನು ಸೆರಗಿನಿಂದ ಒರೆಸುತ್ತ ಕೇಳಿದಳು:

“ಎರಡ ಇದ್ವು ಅಂದಿ. ಒಂದೇ ಯಾಕ ಹುಗದಳು ಆಯಿ?”

“ನಾನೂ ಕೇಳಿದ್ದೆ. ‘ಇದೊಂದ ಇರಲಿ, ಬಂದ್ರ ಬೇಕಾಗ್ತದ’ ಅಂದಳು.”

ಅವಳು ಬುರುಡೆಯನ್ನು ಮತ್ತೆ ಗೂಟಕ್ಕೆ ಹಾಕಲು ಎತ್ತಿದಳು. ಹಳೆಯ ಹಗ್ಗ ಅವಳ ಬೆರಳಲ್ಲೇ ಪುಡಿಯಾಯಿತು. ನಾನು ಒಳಗೆ ಹೋಗಿ ಹೊಸ ನೂಲಿನ ಹಗ್ಗ ತಂದೆ. ಇಷ್ಟು ವರ್ಷ ಇದನ್ನು ಅವ್ವನ ನೆನಪಿಗೆಂದು ಇಟ್ಟುಕೊಂಡಿದ್ದೇನೆ ಅಂದುಕೊಂಡಿದ್ದೆ. ಗೂಟಕ್ಕೆ ಸಿಕ್ಕಿಸಲು ಒಂದು ಗೇಣು ಹಗ್ಗ ಸಾಕಿತ್ತು. ನನ್ನ ಕೈ ಮಾತ್ರ, ಇಪ್ಪತ್ತು ವರ್ಷದ ಒಬ್ಬ ಹುಡುಗನ ಸೊಂಟ ಸುತ್ತಿ ಗಂಟು ಹಾಕುವಷ್ಟು ಉದ್ದ ಬಿಟ್ಟು ಕತ್ತರಿಸಿತು.