ಮಲ್ಲಿಗಮ್ಮ ಎಣಿಸುವಷ್ಟು ದೂರ

ಹೊಳೆನರಸೀಪುರದಲ್ಲಿ ಮೈಕ್‌ಸೆಟ್ ದ್ಯಾವಯ್ಯ ಎಂದರೆ ಯಾರಾದರೂ ಮನೆ ತೋರಿಸುತ್ತಾರೆ. ಮೈಕ್‌ಸೆಟ್ ಮಾರಿ ಆರು ವರ್ಷವಾಯಿತು. ಹೆಸರು ಮಾತ್ರ ಬಿಟ್ಟಿಲ್ಲ. ಈಗ ಅವನ ಕಸುಬು ವಾಕಿಟಾಕಿಗಳಿಗೆ ಚಾನೆಲ್ ತುಂಬುವುದು. ಅಗ್ಗದ ಸೆಟ್ಟುಗಳು ಅಂಗಡಿಯಿಂದ ಬರುವಾಗ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಿರುತ್ತವೆ. ದ್ಯಾವಯ್ಯ ಅವನ್ನು ಕೇಬಲ್ಲಿನಿಂದ ಮನೆಯ ಹಳೆಯ ಕಂಪ್ಯೂಟರಿಗೆ ಸಿಕ್ಕಿಸಿ, ಲೈಸೆನ್ಸ್ ಬೇಡದ ತರಂಗಾಂತರಗಳನ್ನು ತುಂಬಿ, ಎಲ್ಲವೂ ಒಂದೇ ಮಾತು ಕೇಳುವಂತೆ ಮಾಡುತ್ತಾನೆ. ಗಿರಾಕಿಗಳು ಬಹುಪಾಲು ಮದುವೆ ಅಡುಗೆಯ ಕಂಟ್ರಾಕ್ಟರುಗಳು. ಛತ್ರದ ಕೆಳಗಿನ ಅಡುಗೆಮನೆಯಿಂದ ಮೇಲಿನ ಊಟದ ಹಾಲಿಗೆ ಕೂಗಿದರೆ ಕೇಳುವುದಿಲ್ಲ; ಫೋನ್ ಮಾಡಿ ಸಾರು ತರಿಸುವಷ್ಟರಲ್ಲಿ ಪಂಕ್ತಿಯೇ ಎದ್ದಿರುತ್ತದೆ.

ಕೆಲಸ ಸರಿಯಾಗಿದೆಯೇ ಎಂದು ನೋಡಲು ಅವನದೊಂದು ಪದ್ಧತಿಯಿತ್ತು. ಒಂದು ಸೆಟ್ಟನ್ನು ಹೆಂಡತಿ ಮಲ್ಲಿಗಮ್ಮನ ಕೈಗೆ ಕೊಟ್ಟು, ಇನ್ನೊಂದನ್ನು ಹಿಡಿದು ಹೊಳೆಯ ಕಡೆಗೆ ನಡೆಯುವುದು. ಅವಳು ಎಣಿಸುತ್ತಿರಬೇಕು. ದನಿ ಎಲ್ಲಿ ಒಡೆಯಿತೋ ಅಲ್ಲಿಗೆ ಆ ಸೆಟ್ಟಿನ ದೂರ ಮುಗಿಯಿತು. ಮಲ್ಲಿಗಮ್ಮನ ತವರು ಮಲ್ಲಿಪಟ್ಟಣ. ಅವಳಪ್ಪ ಕಣದಲ್ಲಿ ರಾಗಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನದೆ ಲಾಭ ಎನ್ನುತ್ತಿದ್ದ. ಮಗಳು ರೇಡಿಯೊದಲ್ಲೂ ಅದನ್ನು ಬಿಡಲಿಲ್ಲ. “ಲಾಭ... ಎರಡು... ಮೂರು...” ಮೂವತ್ತು ದಾಟಿದರೆ ಅವಳಿಗೆ ಬೇಸರ ಬಂದುಬಿಡುತ್ತಿತ್ತು. “ಇನ್ನೂ ಎಲ್ಲಿಗೋಯ್ತೀರಾ? ಮುದ್ದೆ ಆರೋಯ್ತೈತೆ, ಬನ್ನಿ ಅತ್ಲಾಗೆ!” ಆ ಬೈಗುಳ ಕೇಳಲೆಂದೇ ದ್ಯಾವಯ್ಯ ನಾಲ್ಕು ಹೆಜ್ಜೆ ಹೆಚ್ಚು ನಡೆಯುತ್ತಿದ್ದ.

ಹೋದ ವರ್ಷ ಅವಳ ಗಂಟಲಲ್ಲಿ ಗಡ್ಡೆಯಾಯಿತು. ಆಪರೇಷನ್ ಮಾಡಿ ಧ್ವನಿಪೆಟ್ಟಿಗೆಯನ್ನೇ ತೆಗೆದರು. ಜೀವ ಉಳಿಯಿತು, ದನಿ ಹೋಯಿತು. ಈಗ ಕತ್ತಿನಲ್ಲಿ ಮಾಡಿದ ತೂತಿನಿಂದ ಉಸಿರಾಡುತ್ತಾಳೆ, ಹೇಳುವುದನ್ನು ಸ್ಲೇಟಿನ ಮೇಲೆ ಬರೆಯುತ್ತಾಳೆ. ಬದುಕಿದಳಲ್ಲ, ಅದೇ ದೊಡ್ಡದು ಎಂದು ನೋಡಲು ಬಂದವರೆಲ್ಲ ಹೇಳಿ ಕಾಫಿ ಕುಡಿದು ಹೋದರು. ದೊಡ್ಡದೇ, ಯಾರು ಇಲ್ಲವೆಂದರು? ಆದರೆ ಬೈಯುವ ದನಿಯಿಲ್ಲದ ಮನೆ ಹೇಗಿರುತ್ತದೆಂದು ಅವರಿಗೇನು ಗೊತ್ತು.

ಇಪ್ಪತ್ತೆರಡು ವರ್ಷ ಊರಿನ ಭಾಷಣ, ಹರಿಕಥೆ, ನಾಟಕಗಳನ್ನೆಲ್ಲ ರೆಕಾರ್ಡ್ ಮಾಡಿಟ್ಟವನ ಬಳಿ ಹೆಂಡತಿಯ ಒಂದು ಮಾತೂ ಇರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಮ್ಮನೆಯೇ? ಯಾರದೋ ಭಾಷಣದ ಹಿಂದೆ ಅವಳು ಕೆಮ್ಮಿದ್ದಾದರೂ ಸಿಕ್ಕೀತೇನೋ ಎಂದು ಕ್ಯಾಸೆಟ್ಟುಗಳನ್ನೆಲ್ಲ ಕೆದಕಿ ವಾರಗಟ್ಟಲೆ ಕೇಳಿದ. ಸಿಗಲಿಲ್ಲ.

ಒಮ್ಮೆ ಮರೆತು, ರೂಢಿಯ ಮೇಲೆ ಸೆಟ್ಟನ್ನು ಅವಳ ಕೈಗೇ ಕೊಟ್ಟುಬಿಟ್ಟ. ಅವಳು ಅದನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಎರಡು ದಿನ ಸ್ಲೇಟು ಮುಟ್ಟಲಿಲ್ಲ. ಅಲ್ಲಿಂದ ಎಣಿಸುವ ಕೆಲಸ ಪಕ್ಕದ ಮನೆಯ ರೂಪಶ್ರೀಗೆ ಬಂತು. ಪಾಪ, ಒಳ್ಳೆಯ ಹುಡುಗಿ. ಆದರೆ ಅವಳು ‘ಒಂದು’ ಎಂದೊಡನೆ ದ್ಯಾವಯ್ಯನಿಗೆ ಸಾಕಪ್ಪ ಸಾಕು ಅನಿಸುತ್ತಿತ್ತು.

ಮೊನ್ನೆ ಚನ್ನರಾಯಪಟ್ಟಣದ ಅಡುಗೆ ಕಂಟ್ರಾಕ್ಟರ್ ದಿಲೀಪ ಎಂಟು ಸೆಟ್ಟು ತಂದ. “ಅಣ್ಣಾ, ಬಾಣ್ಲಿ ಮುಂದೆ ನಿಂತೋರ್ಗೆ ಕೈ ಬಿಡುವಿರಾಕಿಲ್ಲ. ಒಂದ್ ಸೆಟ್ಗೆ ಗುಂಡಿ ಒತ್ತೋ ಕೆಲ್ಸ ಇಲ್ದಂಗೆ ಮಾಡ್ಕೊಡು” ಎಂದ. ಕಂಪ್ಯೂಟರಿನಲ್ಲಿ ಒಂದು ಗುರುತು ಹಾಕಿದರೆ ಮುಗಿಯಿತು. ಹತ್ತಿರ ಸದ್ದಾದೊಡನೆ ಸೆಟ್ಟು ತಾನೇ ಅದನ್ನು ಕಳಿಸುತ್ತದೆ. ದ್ಯಾವಯ್ಯ ಹಾಗೆಯೇ ಮಾಡಿದ, ಆದರೆ ಆ ಸೆಟ್ಟಿಗೆ ಚೀಟಿ ಅಂಟಿಸುವುದನ್ನು ಮರೆತ. ಎಂಟೂ ಒಂದೇ ರೂಪ. ರೂಪಶ್ರೀ ಬಂದು ಎಣಿಸಲಿ ಎಂದು ಕೈಗೆ ಸಿಕ್ಕಿದ್ದನ್ನು ಅಡುಗೆಮನೆಯ ಕಿಟಕಿಯಲ್ಲಿಟ್ಟು, ಇನ್ನೊಂದನ್ನು ಹಿಡಿದು ಹೊರಟ.

ಬೀದಿಯ ತಿರುವು ದಾಟುವಾಗ ಸೆಟ್ಟಿನಲ್ಲಿ ಪಾತ್ರೆಯ ಸದ್ದು ಕೇಳಿತು. ಆಮೇಲೆ ನೀರು ಬಗ್ಗಿಸಿದ್ದು. ಆಮೇಲೆ ಅಕ್ಕಿ ಡಬ್ಬದ ಮುಚ್ಚಳ ತೆಗೆದದ್ದು. ಆದ ತಪ್ಪು ಅವನಿಗೆ ತಿಳಿದುಹೋಯಿತು. ಹೆಂಡತಿಯದೇ ಆದರೂ ಕದ್ದು ಕೇಳುವುದು ಸರಿಯಲ್ಲ, ಹಿಂದಿರುಗಬೇಕು ಎಂದುಕೊಂಡ. ಕಾಲು ಏಳಲಿಲ್ಲ. ಪಾವಿನಲ್ಲಿ ಅಕ್ಕಿ ಮೊಗೆದು ಪಾತ್ರೆಗೆ ಸುರಿದು, ಅವಳು ಪಾವಿನ ಅಂಚನ್ನು ಪಾತ್ರೆಗೆ ಕುಟ್ಟಿದಳು. ಟಕ್. ಒಂದು ವರ್ಷದಿಂದ ಅದೇ ಮನೆಯಲ್ಲಿದ್ದೂ ಅವನು ಆ ಸದ್ದಿಗೆ ಕಿವಿಗೊಟ್ಟಿರಲಿಲ್ಲ. ನಡುಬೀದಿಯಲ್ಲಿ ಅವನ ಕಣ್ಣು ತುಂಬಿ ಬಂತು.

ಕೊನೆಗೆ ಗುಂಡಿ ಒತ್ತಿದ. “ಅಮ್ಮಿ, ಆ ಸೆಟ್ಟು ತಾನೇ ಕಳಿಸ್ತಾ ಐತೆ ಕಣೆ. ನಿನ್ ಸದ್ದೆಲ್ಲಾ ನಂಗೆ ಕೇಳ್ತಾ ಐತೆ. ಬ್ಯಾಡ ಅಂದ್ರೆ ಆಫ್ ಮಾಡ್ಬುಡು.”

ಏನೂ ಕೇಳಲಿಲ್ಲ. ಆಫ್ ಮಾಡಿದಳು ಎಂದೇ ತಿಳಿದು ಸೆಟ್ಟನ್ನು ಜೇಬಿಗೆ ಹಾಕುವುದರಲ್ಲಿದ್ದ.

ಟಕ್.

ಈ ಸಲ ಅಕ್ಕಿಯ ಸದ್ದಿರಲಿಲ್ಲ, ಬರೀ ಪಾವು.

“ಲಾಭ” ಎಂದ ದ್ಯಾವಯ್ಯ.

ಟಕ್.

“ಎರಡು.”

ಹಾಗೇ ನಡೆದ. ಮನೆಗೆ ಓಡಿ ಅವಳ ಮುಖ ನೋಡಬೇಕೆಂದು ಜೀವ ಎಳೆಯುತ್ತಿತ್ತು; ಹೋದರೆ ಅವಳು ಪಾವು ಕೆಳಗಿಟ್ಟು ಸ್ಲೇಟು ಹಿಡಿಯುತ್ತಾಳೆ ಎಂಬುದೂ ಗೊತ್ತಿತ್ತು. ಹೊಳೆ ಸೇತುವೆಯ ನಡುವಿಗೆ ಬರುವಾಗ ಸದ್ದು ಒಡೆಯತೊಡಗಿತು. ಇನ್ನೆರಡು ಹೆಜ್ಜೆ ಇಟ್ಟರೆ ಅದೂ ಇಲ್ಲ.

“ಸಾಕೇನಮ್ಮಿ? ಬರ್ಲಾ ಮನೇಗೆ?” ಎಂದು ಕೇಳಿದ.

ಟಕ್ ಎಂದಳು. ತಡೆದು, ಇನ್ನೊಮ್ಮೆ ಟಕ್ ಎಂದಳು. ನಿಲ್ಲಿಸಲಿಲ್ಲ.

ದ್ಯಾವಯ್ಯ ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಸೇತುವೆಯ ಕಂಬಿಗೆ ಒರಗಿ ನಿಂತು, ನೂರಾ ಹನ್ನೆರಡರವರೆಗೆ ಎಣಿಸಿದ.