ಗಂಟಲಕ್ಕನ ಜಗ್ಗದ ಗಂಟಲು

ಬೆಳಗಿನ ಆರು ಗಂಟೆ. ತಗಡಿನ ಶೆಡ್ಡಿನೊಳಗೆ ಒಬ್ಬಾಕೆ ರಬ್ಬರಿನ ತಲೆಯೊಂದನ್ನು ಎಡಗೈಯಲ್ಲಿ ಹಿಂದಕ್ಕೆ ಬಾಗಿಸಿ, ಅದರ ಬಾಯೊಳಗೆ ಟಾರ್ಚ್ ಬಿಡುತ್ತಿದ್ದಾರೆ. ಕಿರುಬೆರಳಿನಷ್ಟು ದಪ್ಪದ ಟ್ಯೂಬ್ ನಾಲಿಗೆ ದಾಟಿ ಇಳಿಯುತ್ತದೆ. ಹೊರತುದಿಗೆ ಸಿಕ್ಕಿಸಿದ ಗಾಳಿಚೀಲ ಒತ್ತಿದರೆ ತಲೆಗೆ ಜೋಡಿಸಿದ ರಬ್ಬರಿನ ಎದೆ ಏಳುತ್ತದೆ. ದಾರಿ ತಪ್ಪಿದರೆ ಎದೆಯ ಬದಲು ಹೊಟ್ಟೆ ಉಬ್ಬುತ್ತದೆ. “ಹೊಟ್ಟೆ ಉಬ್ಬಿದ್ರೆ ಕಥೆ ಮುಗೀತು. ಉಸಿರಿನ ದಾರಿ ಬಿಟ್ಟು ಅನ್ನದ ದಾರಿ ಹಿಡಿದಿದೀವಿ ಅಂತ,” ಎನ್ನುತ್ತಾ ಅವರು ಇನ್ನೊಂದು ತಲೆಗೆ ಕೈಹಾಕುತ್ತಾರೆ.

ಬೀದಿಯವರಿಗೆಲ್ಲ ಇವರು ಗಂಟಲಕ್ಕ. ಉಸಿರು ಕಟ್ಟಿದವರಿಗೆ ಟ್ಯೂಬ್ ಹಾಕುವುದನ್ನು ಆಂಬುಲೆನ್ಸ್ ಸಿಬ್ಬಂದಿ ಮೊದಲು ಕಲಿಯುವುದು ಇವರು ಅಚ್ಚು ಹಾಕಿದ ಗಂಟಲುಗಳ ಮೇಲೆ.

ಹತ್ತೊಂಬತ್ತು ವರ್ಷ ಗೊಂಬೆ ಕಾರ್ಖಾನೆಯಲ್ಲಿ ಮುಖಗಳ ಅಚ್ಚು ತೆಗೆದವರು. ಕಾರ್ಖಾನೆಗೆ ಬೀಗ ಬಿದ್ದ ಮೇಲೆ ಎರಡು ವರ್ಷ ಒಡೆದ ಬಕೆಟ್ಟು, ಕಿತ್ತುಹೋದ ಚಪ್ಪಲಿ ಅಂಟಿಸಿ ದಿನ ದೂಡಿದರು. ಒಂದು ದಿನ ಆಸ್ಪತ್ರೆಯ ಅರಿವಳಿಕೆ ವೈದ್ಯೆಯೊಬ್ಬರು ತುಟಿ ಸೀಳಿದ ತರಬೇತಿ ಬೊಂಬೆ ತಂದರು. “ಅಂಟಿಸಿ ಕೊಡಿ ಅಂದ್ರು ಡಾಕ್ಟ್ರಮ್ಮ. ಒಳಗೆ ಇಣುಕಿ ನೋಡ್ದೆ. ಅಯ್ಯೋ ಮೇಡಂ, ಇಂಥದ್ದು ನಾನೇ ಮಾಡ್ತೀನಲ್ಲ ಅಂದ್ಬಿಟ್ಟೆ!”

ಆಗ ತಿಂಗಳಿಗೆ ಎರಡು ಗಂಟಲು. ಈಗ ವಾರಕ್ಕೆ ಹನ್ನೊಂದು. ತುದಿಗೆ ಕ್ಯಾಮೆರಾ ಇರುವ ಉಪಕರಣಗಳು, ಬಗೆಬಗೆಯ ಟ್ಯೂಬ್‌ಗಳು ಸಣ್ಣ ಊರಿನ ಆಂಬುಲೆನ್ಸನ್ನೂ ಹತ್ತುತ್ತಿವೆ. ಅವುಗಳ ಮಾರುಕಟ್ಟೆ ವರ್ಷದಿಂದ ವರ್ಷಕ್ಕೆ ಹಿಗ್ಗುತ್ತಿದೆ. ಶೆಡ್ಡಿನ ಐವರು ಹೆಂಗಸರ ಮನೆಯ ಒಲೆ ಉರಿಯುವುದೂ ಅದರಿಂದಲೇ. “ಸಾಮಾನು ಕೊಂಡ್ರೆ ಆಯ್ತಾ? ಕೈ ಪಳಗಬೇಡ್ವಾ?” ಎನ್ನುತ್ತಾರೆ ಗಂಟಲಕ್ಕ.

ಮೂರು ವರ್ಷದ ಹಿಂದೆ ಆಂಬುಲೆನ್ಸ್ ನರ್ಸ್ ಒಬ್ಬಳು ಶೆಡ್ಡು ಹುಡುಕಿಕೊಂಡು ಬಂದಳು. ತರಬೇತಿಯಲ್ಲಿ ಎಲ್ಲರಿಗಿಂತ ಮುಂದಿದ್ದವಳು. ಆದರೆ ಜೇನುಹುಳು ಕಚ್ಚಿ ನಾಲಿಗೆ ಊದಿಕೊಂಡಿದ್ದ ಒಬ್ಬರಿಗೆ ಟ್ಯೂಬ್ ಇಳಿಸಲಾಗದೆ, ಮುಖಕ್ಕೆ ಮಾಸ್ಕ್ ಒತ್ತಿ ಗಾಳಿ ಹಾಕುತ್ತಲೇ ಆಸ್ಪತ್ರೆ ಮುಟ್ಟಿಸಿದ್ದಳು. ಅದೃಷ್ಟಕ್ಕೆ ಅವರು ಬದುಕಿದರು. “ಅಕ್ಕಾ, ನೀವು ಮಾಡೋ ಗಂಟಲು ತುಂಬಾ ಒಳ್ಳೇದು, ಟ್ಯೂಬ್ ಸಲೀಸಾಗಿ ಇಳಿದುಬಿಡುತ್ತೆ. ಅದೇ ತೊಂದ್ರೆ,” ಎಂದಳು.

ಮಾತು ನಾಟಿತು. ನಾಲ್ಕು ತಿಂಗಳು ಪಟ್ಟು ಹಿಡಿದು ಕೂತು, ಊದಿದ ನಾಲಿಗೆಯ, ಒಳಸರಿದ ಗದ್ದದ, ಗಿಡ್ಡ ಕತ್ತಿನ ತಲೆಯೊಂದನ್ನು ಮಾಡಿದರು. ಕತ್ತಿನ ಅಳತೆ ಯಜಮಾನರದು. “ಇಪ್ಪತ್ತೆಂಟು ವರ್ಷ ಇವರ ಗೊರಕೆ ಕೇಳಿದ್ದೀನಿ. ಆ ಕತ್ತಿಂದ ನಾಲ್ಕು ಜನಕ್ಕೆ ಉಪಕಾರ ಆಗ್ಲಿ ಅಂತ!” ಮೂಲೆಯಲ್ಲಿ ಡಬ್ಬ ಕಟ್ಟುತ್ತಿರುವ ಯಜಮಾನರು ತಲೆಯೆತ್ತದೆ, “ನನ್ನ ಕತ್ತಿಗೂ ಬೆಲೆ ಬಂತು ನೋಡಿ,” ಎನ್ನುತ್ತಾರೆ.

ಆದರೆ ಹೆಚ್ಚು ಕೆಲಸ ಕೊಡುತ್ತಿದ್ದ ಉಪಕರಣ ಕಂಪನಿಯ ಪ್ರತಿನಿಧಿ ಹೊಸ ತಲೆ ಕಂಡು ಮುಖ ಸಿಂಡರಿಸಿದ. “ಡಾಕ್ಟ್ರುಗಳ ಮುಂದೆ ನಮ್ಮ ಟ್ಯೂಬ್ ಸಲೀಸಾಗಿ ಹೋಗ್ಬೇಕು ಮೇಡಂ. ಹಳೇದನ್ನೇ ಕೊಡಿ.” ಗಂಟಲಕ್ಕ ಒಪ್ಪಲಿಲ್ಲ. ಕೊಟ್ಟರೆ ಜೋಡಿ: ಸುಲಭದ್ದೊಂದು, ಕಷ್ಟದ್ದೊಂದು. ಆತ ಬರುವುದನ್ನೇ ಬಿಟ್ಟ. ಮೂರು ತಿಂಗಳು ವಾರಕ್ಕೆ ಎರಡೇ ದಿನ ಕೆಲಸ. “ಹುಡುಗೀರು ಕೆಲಸ ಇಲ್ದ ದಿನಾನೂ ಬಂದು ಶೆಡ್ಡು ಗುಡಿಸಿ ಹೋಗ್ತಿದ್ರು. ಅದೇ ನಂಗೆ ಜಾಸ್ತಿ ಚುಚ್ತಿತ್ತು.”

ಅಷ್ಟರಲ್ಲಿ ನರ್ಸ್ ತರಬೇತಿ ಕೊಡುವವಳಾಗಿದ್ದಳು. ಅವಳ ಕೇಂದ್ರ ಕಷ್ಟದ ಗಂಟಲನ್ನೇ ಕೇಳಿತು, ಅದನ್ನು ನೋಡಿ ಇನ್ನೂ ಆರು ಕೇಂದ್ರಗಳು ಕೇಳಿದವು. ಕೊನೆಗೆ ಪ್ರತಿನಿಧಿಯೂ ಬಾಗಿಲಲ್ಲಿ ನಿಂತ. “ಆ ಹಟಮಾರಿ ತಲೆ ಎಂಟು ಬೇಕಿತ್ತು ಮೇಡಂ. ಅದ್ರಲ್ಲಿ ಹೋದ್ರೇ ಡಾಕ್ಟ್ರು ನಂಬೋದಂತೆ.” ಗಂಟಲಕ್ಕ ನಗಲಿಲ್ಲ, ಕುರ್ಚಿ ಎಳೆದು ಕೊಟ್ಟರು.

ಕಳೆದ ತಿಂಗಳು ನರ್ಸ್ ಫೋನ್ ಮಾಡಿದ್ದಳು. ಅವಳ ಶಿಷ್ಯೆಯೊಬ್ಬಳು ರಸ್ತೆ ಬದಿಯಲ್ಲಿ, ಅಪಘಾತವಾದವರಿಗೆ ಒಂದೇ ಸಲಕ್ಕೆ ಟ್ಯೂಬ್ ಹಾಕಿದ್ದಳಂತೆ. ಆ ಸುದ್ದಿ ಹೇಳುತ್ತಲೇ ಗಂಟಲಕ್ಕ ಇನ್ನೊಂದು ತಲೆಗೆ ನಾಲಿಗೆ ಕೂರಿಸುತ್ತಾರೆ.

ಇನ್ನೇನು ಆಸೆ ಎಂದರೆ ಕೈಯೊರೆಸಿಕೊಂಡು ಯೋಚಿಸುತ್ತಾರೆ. “ನಾನು ಮಾಡಿದ್ದು ಬೇಗ ಸವೀಲಿ. ವರ್ಷ ಆದ್ರೂ ಹೊಸದಾಗೇ ಇದ್ರೆ ಯಾರೂ ಮುಟ್ಟೇ ಇಲ್ಲ ಅಂತ ತಾನೆ? ಸವೆದು ವಾಪಸ್ ಬರ್ಲಿ. ಬೇರೆ ನಾಲಿಗೆ ಕೂರಿಸಿ ಕಳಿಸ್ತೀನಿ.”