ಎರಡನೇ ಸ್ನಾನ

ನಮ್ಮ ಅಜ್ಜಿ ಒಂದೇ ದಿನ ಎರಡು ಸಲ ತಲೆಗೆ ನೀರು ಹಾಕಿಕೊಂಡಳು ಅನ್ನುವ ಕಾರಣಕ್ಕೆ ನಮ್ಮ ಮನೆಯಲ್ಲಿ ಮೂರು ದಿನ ಅತ್ತೆ ಸೊಸೆಯರ ಮಾತು ನಿಂತುಹೋಗಿತ್ತು. ಬೇರೆ ಊರಿನವರಿಗೆ ಇದು ಅತಿ ಅನ್ನಿಸಬಹುದು. ಆ ವರ್ಷ ಚೆನ್ನೈಗೆ ಮಳೆ ಕೈಕೊಟ್ಟು, ಜನವರಿಗೇ ನಲ್ಲಿಗಳು ಒಣಗಿ, ನಮ್ಮ ಬೀದಿಗೆ ಲಾರಿ ನೀರು ಬರತೊಡಗಿತ್ತು. ಅಮ್ಮ ಬೆಳಿಗ್ಗೆ ಐದಕ್ಕೆ ಪ್ಲಾಸ್ಟಿಕ್ ಕೊಡಗಳನ್ನು ಸಾಲಿನಲ್ಲಿಟ್ಟು, ತಮಿಳಿನಲ್ಲಿ ಜಗಳವಾಡಿ, ಗೆದ್ದು, ಒಂದೊಂದಾಗಿ ಮೊದಲ ಮಹಡಿಗೆ ಹೊತ್ತು ತರುತ್ತಿದ್ದಳು. ಮೈಸೂರಿನಲ್ಲಿ ಜೋರಾಗಿ ಮಾತೇ ಆಡದಿದ್ದ ಹೆಂಗಸು ಅವಳು. ಅಂಥ ನೀರಿನಲ್ಲಿ ಎರಡು ಕೊಡ ನಡುಹಗಲಲ್ಲಿ ಅಜ್ಜಿಯ ತಲೆಯ ಮೇಲೆ ಸುರಿದುಹೋಗಿತ್ತು. ಯಾಕೆ ಎಂದು ಕೇಳಿದರೆ ಅಜ್ಜಿ, "ತಲೆ ಭಾರ ಆಗಿತ್ತು" ಅಂದಳು, ಅಷ್ಟೇ.

ನಿಜವಾದ ಕಾರಣ ನನಗೆ ತಿಳಿದದ್ದು ಒಂದೂವರೆ ವರ್ಷದ ಮೇಲೆ. ಅವತ್ತು ಬಿದ್ದ ಏಟಿಗೆ ಇವತ್ತಿಗೂ ನನಗೆ ಸರಿಯಾದ ಹೆಸರು ಸಿಕ್ಕಿಲ್ಲ. ದುಃಖ ಅನ್ನಬಹುದು, ಸಿಟ್ಟು ಅನ್ನಬಹುದು. ಆದರೆ ಮೊದಲು ಆದದ್ದು ಬರೀ ಆಘಾತ. ಕೂತಲ್ಲೇ ಕಿವಿ ಮುಚ್ಚಿಕೊಂಡ ಹಾಗಾಗಿ, ಎದುರಿಗಿದ್ದವರ ತುಟಿ ಅಲ್ಲಾಡುವುದು ಮಾತ್ರ ಕಾಣುತ್ತಿತ್ತು.

ಅದನ್ನು ಹೇಳಬೇಕಾದರೆ ಮೊದಲು ನನ್ನ ಹುಚ್ಚನ್ನು ಹೇಳಬೇಕು. ಅಪ್ಪನಿಗೆ ಎಣ್ಣೂರಿನ ಕಡೆ ಒಂದು ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿ ನಾವು ಮೈಸೂರು ಬಿಟ್ಟು ಬಂದಾಗ ನನಗೆ ಹತ್ತು ವರ್ಷ. ಹದಿಮೂರಕ್ಕೆ ಕೇಬಲ್ ಟಿವಿಯಲ್ಲಿ ರಾಕ್ ಸಂಗೀತ ಕೇಳಿ ಕೆಟ್ಟೆ. ಕೆಟ್ಟೆ ಅನ್ನುವುದು ಅಮ್ಮನ ಮಾತು. ಗೆಳತಿಯರಿಂದ ಕ್ಯಾಸೆಟ್ ಎರವಲು ತಂದು, ಹಾಲ್‌ನಲ್ಲಿದ್ದ ಟೇಪ್ ರೆಕಾರ್ಡರಿಗೆ ಹಾಕಿ, ಗಿಟಾರ್ ಕಿರುಚುವ ಜಾಗ ಬಂದಾಗಲೆಲ್ಲ ಹಿಂದಕ್ಕೆ ತಿರುಗಿಸಿ ಮತ್ತೆ ಮತ್ತೆ ಕೇಳುತ್ತಿದ್ದೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅಪ್ಪನ ಕಾರ್ಖಾನೆಗೆ ಬಂದಿದ್ದ ಒಬ್ಬ ಜಪಾನಿ ಎಂಜಿನಿಯರು ತಮ್ಮ ದೇಶಕ್ಕೆ ವಾಪಸ್ಸಾಗುವ ಮುಂಚೆ, "ನಿಮ್ಮ ಮಗಳಿಗೆ" ಎಂದು ಒಂದು ಸಿಡಿ ಕೊಟ್ಟುಹೋದರು. ನಮ್ಮ ಮನೆಯಲ್ಲಿ ಸಿಡಿ ಹಾಕುವ ಯಂತ್ರವೇ ಇರಲಿಲ್ಲ. ಅಪ್ಪ ಅದನ್ನು ಅಂಗಡಿಯಲ್ಲಿ ಕ್ಯಾಸೆಟ್ಟಿಗೆ ಇಳಿಸಿಕೊಂಡು ಬಂದ.

ನಾಲ್ಕು ಜನರ ಒಂದು ಸಣ್ಣ ಜಪಾನಿ ತಂಡ. ಅದನ್ನು ರಾಕ್ ಅನ್ನಬೇಕೋ ಪಾಪ್ ಅನ್ನಬೇಕೋ ನನಗೆ ತಿಳಿಯಲಿಲ್ಲ. ಡ್ರಮ್ ಮೈಮೇಲೆ ಬರುವಷ್ಟು ಜೋರು, ಹಾಡು ಮಾತ್ರ ಯಾರೋ ಪಕ್ಕದಲ್ಲಿ ಕೂತು ಹೇಳಿದಷ್ಟು ಮೆತ್ತಗೆ. ಹಾಡುವವನ ಕೂದಲು ಒಂದು ಕಣ್ಣನ್ನು ಪೂರ್ತಿ ಮುಚ್ಚಿತ್ತು. ನನಗೆ ಅವನ ಮೇಲೆ ಪ್ರೀತಿಯಾಯಿತು. ಇದನ್ನು ಸುತ್ತಿ ಬಳಸಿ ಹೇಳುವುದರಲ್ಲಿ ಅರ್ಥವಿಲ್ಲ. ಸಿಡಿಯ ಹೊದಿಕೆಯಲ್ಲಿದ್ದ ಅವನ ಚಿತ್ರವನ್ನು ದೊಡ್ಡದು ಮಾಡಿಸಿ ಟೇಪ್ ರೆಕಾರ್ಡರಿನ ಮೇಲಿನ ಗೋಡೆಗೆ ಅಂಟಿಸಿದೆ.

ಹಾಡುಗಳನ್ನು ಕಿವಿಯಲ್ಲಿ ಕೇಳಿ ಒಂದು ನೋಟ್‌ಬುಕ್ಕಿಗೆ ಇಳಿಸಿದೆ, ಕನ್ನಡ ಅಕ್ಷರಗಳಲ್ಲಿ. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ಆ ಭಾಷೆ ಸೊಟ್ಟಗಾಗುತ್ತಿತ್ತು, ಕನ್ನಡದಲ್ಲಿ ಅಳತೆ ಕೊಟ್ಟು ಹೊಲಿಸಿದ ಹಾಗೆ ಕೂತಿತು. ಶಾಲೆಯಲ್ಲಿ ತಮಿಳು, ಗೆಳತಿಯರೊಡನೆ ಇಂಗ್ಲಿಷು. ಕನ್ನಡ ಬರೆಯುವುದನ್ನು ನಾನು ಮರೆಯದೆ ಉಳಿದದ್ದೇ ಈ ಜಪಾನಿ ಹಾಡುಗಳಿಂದ. ಒಂದು ಮಧ್ಯಾಹ್ನ ಆ ಪುಸ್ತಕ ಅಜ್ಜಿಯ ಕೈಗೆ ಸಿಕ್ಕಿತು. ಅವಳು ಕನ್ನಡಕ ಹಾಕಿಕೊಂಡು ಗಟ್ಟಿಯಾಗಿ ಓದತೊಡಗಿದಳು. ಸಂಸ್ಕೃತದ ಸ್ತೋತ್ರಗಳನ್ನೂ ಅವಳು ಹೀಗೇ, ಅರ್ಥದ ಗೊಡವೆಗೆ ಹೋಗದೆ ಓದುತ್ತಿದ್ದಳು.

"ಯಾವ ದೇವರದೇ ಇದು?" ಅಂದಳು.

"ದೇವರದಲ್ಲ ಅಜ್ಜಿ, ಇವನದು. ನಿಂಗೆ ಪುರಿಯಾದು ವಿಡು." ಅರ್ಥವಾಗೋದಿಲ್ಲ ಬಿಡು ಅನ್ನಲು ನನಗೆ ಆಗೆಲ್ಲ ತಮಿಳೇ ಮೊದಲು ಬಾಯಿಗೆ ಬರುತ್ತಿತ್ತು.

ಅಜ್ಜಿ ಗೋಡೆಯ ಚಿತ್ರ ನೋಡಿದಳು. "ಇವನ ಮನೇಲಿ ಕೂದಲು ಕಟ್ಟೋರು ಯಾರೂ ಇಲ್ವೇನೇ?" ಅಲ್ಲಿಂದ ಮುಂದೆ ಅವನು ಅವಳ ಬಾಯಲ್ಲಿ "ಕೂದಲವನು" ಆದ. "ನಿನ್ನ ಕೂದಲವನನ್ನ ಒಂದು ಗಳಿಗೆ ನಿಲ್ಲಿಸು, ನನ್ನ ಜಪ ಮುಗೀಲಿ" ಎಂದು ದಿನಾ ಸಂಜೆ ಗೊಣಗುತ್ತಿದ್ದಳು.

ಸಿಡಿಯ ಹೊದಿಕೆಯ ಒಳಪುಟದಲ್ಲಿ ತಂಡದ ಕಚೇರಿಯ ವಿಳಾಸ ಇಂಗ್ಲಿಷಿನಲ್ಲಿತ್ತು. ಅದಕ್ಕೆ ಕಾಗದ ಬರೆದೆ. ಪ್ಲಸ್ ಟೂಗೆ ಬರುವಷ್ಟರಲ್ಲಿ ನಾಲ್ಕು ಬರೆದಿದ್ದೆ. ಬೇಕಾಗಿದ್ದು ಒಂದೇ, ಅವನ ಕೈಬರಹದ ಒಂದು ಸಾಲು. ಶಾಲೆಯಿಂದ ಬಂದವಳೇ ಚಪ್ಪಲಿ ಬಿಡುವ ಮೊದಲು "ಪೋಸ್ಟ್ ಬಂತಾ?" ಎಂದು ಕೇಳುವುದು ಅಭ್ಯಾಸವಾಗಿಹೋಗಿತ್ತು. ಬ್ರೌಸಿಂಗ್ ಸೆಂಟರಿಗೆ ಹೋಗಿ ಹುಡುಕಿದರೆ, ಆ ಕಂಪ್ಯೂಟರಿನಲ್ಲಿ ಜಪಾನಿ ಅಕ್ಷರಗಳಿಲ್ಲದೆ ಪುಟದ ತುಂಬ ಬರೀ ಸಣ್ಣ ಸಣ್ಣ ಚೌಕಗಳು ಕಾಣುತ್ತಿದ್ದವು. ಅವನ ಚಿತ್ರ ನಡುವೆ, ಸುತ್ತ ಚೌಕಗಳು. ನಾನು ಆ ಚೌಕಗಳನ್ನೇ ಅರ್ಧ ಗಂಟೆ ನೋಡಿ ಖುಷಿಯಾಗಿ ಮನೆಗೆ ಬರುತ್ತಿದ್ದೆ.

ಅಜ್ಜಿಯ ಎರಡನೇ ಸ್ನಾನವಾದದ್ದು ಪ್ಲಸ್ ಟೂ ಪರೀಕ್ಷೆಗೆ ಎರಡು ತಿಂಗಳಿರುವಾಗ. ನಾನು ಶಾಲೆಯಿಂದ ಬಂದಾಗ ಅಮ್ಮ ಖಾಲಿ ಕೊಡಗಳ ಮುಂದೆ ನಿಂತು, "ಅತ್ತೆ, ಒಂದು ಮಾತು ಹೇಳಿದ್ದಿದ್ರೆ ನಾನೇ ಒಂದು ಚೊಂಬು ಬಿಸಿನೀರು ಕೊಡ್ತಿದ್ದೆ. ಎರಡು ಕೊಡ ಯಾಕೆ ಬೇಕಿತ್ತು ನಿಮಗೆ?" ಎಂದು ಕೇಳುತ್ತಿದ್ದಳು. ಅಜ್ಜಿ ಒದ್ದೆ ಕೂದಲು ಬಿಟ್ಟುಕೊಂಡು ಚಾಪೆಯ ಮೇಲೆ ಕೂತಿದ್ದಳು. ನಾನು ಪೋಸ್ಟ್ ಕೇಳಿದೆ. "ಏನೂ ಇಲ್ಲ" ಅಂದಳು ಅಜ್ಜಿ. ಆಮೇಲೆ, "ಆ ಹಾಡಿನ ಪುಸ್ತಕ ಕೊಡು ಇಲ್ಲಿ" ಎಂದು ಕೈ ಚಾಚಿದಳು. ಅದನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಒಂದೇ ಏಟಿಗೆ ಓದಿದಳು. ಗೇಲಿ ಮಾಡುತ್ತಿದ್ದಾಳೆ ಅಂದುಕೊಂಡು ನಾನು ಮುಖ ಊದಿಸಿಕೊಂಡು ಒಳಗೆ ಹೋದೆ.

ಆ ದಿನದಿಂದ ಅಜ್ಜಿ ಟೇಪ್ ನಿಲ್ಲಿಸು ಅನ್ನಲಿಲ್ಲ. ಕೂದಲವನು ಎಂದು ಆಡಿಕೊಳ್ಳುವುದನ್ನೂ ಬಿಟ್ಟಳು. ವಯಸ್ಸಾಯಿತು, ಕಿವಿ ಮಂದವಾಗಿರಬೇಕು ಎಂದು ನಾನು ತೀರ್ಮಾನಿಸಿದೆ.

ಪರೀಕ್ಷೆ ಮುಗಿದ ಮೇಲೆ ಐದನೆಯ ಕಾಗದ ಬರೆದೆ. ಕಾಲೇಜು ಸೇರಿದ ವರ್ಷ ಆರನೆಯದು. ಆರನೆಯದರಲ್ಲಿ ನನ್ನ ತಾಳ್ಮೆ ಕೆಟ್ಟಿತ್ತು. ನಿನಗೆ ಸೊಕ್ಕು, ನಿನ್ನ ಹಾಡಿನಲ್ಲಿರುವ ಮೆತ್ತಗಿನದೆಲ್ಲ ನಾಟಕ, ಒಂದು ಸಾಲು ಬರೆಯಲಾರದವನು ಬದುಕಿದ್ದರೇನು ಸತ್ತರೇನು ಎಂದು ಬರೆದೆ. ಬರೆದದ್ದು ಚೆನ್ನಾಗಿದೆ ಅನ್ನಿಸಿ ಅಜ್ಜಿಗೆ ಕನ್ನಡದಲ್ಲಿ ಓದಿಯೂ ಹೇಳಿದೆ. ಅವಳು ಬತ್ತಿ ಹೊಸೆಯುತ್ತಿದ್ದಳು, ಕೈ ನಿಂತಿತು.

"ಇದನ್ನ ಇವತ್ತು ಅಂಚೆಗೆ ಹಾಕ್ಬೇಡ ಕಣೇ. ನಾಳೆ ಹಾಕುವಂತೆ."

"ನಾಳೆ ಆದ್ರೆ ಏನು ಬದಲಾಗತ್ತೆ?"

ಅಜ್ಜಿ ಮತ್ತೆ ಬತ್ತಿ ಹೊಸೆಯತೊಡಗಿದಳು. ನಾನು ಅವತ್ತೇ ಹೋಗಿ ಪೆಟ್ಟಿಗೆಗೆ ಹಾಕಿ ಬಂದೆ.

ಮರುವರ್ಷದ ಬೇಸಿಗೆಯಲ್ಲಿ ಕಾರ್ಖಾನೆಗೆ ಇನ್ನೊಬ್ಬ ಜಪಾನಿ ಎಂಜಿನಿಯರು ಬಂದರು. ಅಪ್ಪ ಒಂದು ಭಾನುವಾರ ಅವರನ್ನು ಊಟಕ್ಕೆ ಕರೆದ. ಅಂಚೆಯವರನ್ನು ನಂಬಿ ಕೆಟ್ಟದ್ದು ಸಾಕು, ಈ ಸಲ ಕೈಯಲ್ಲೇ ಕಳಿಸೋಣ ಎಂದು ನಾನು ಏಳನೆಯ ಕಾಗದ ಸಿದ್ಧಮಾಡಿದೆ. ಅದರಲ್ಲಿ ಬೈಗುಳವಿರಲಿಲ್ಲ, ಹಿಂದಿನದಕ್ಕೆ ಕ್ಷಮೆ ಇತ್ತು. ಅಜ್ಜಿ ಬೆಳಿಗ್ಗೆಯಿಂದ ನನ್ನ ಹಿಂದೆ ಮುಂದೆ ತಿರುಗಿದಳು. "ಊಟಕ್ಕೆ ಬಂದೋರಿಗೆ ಕೆಲಸ ಹೇಳಬಾರದಮ್ಮ. ಕಾಗದ ಒಳಗಿಡು" ಎಂದು ಎರಡು ಸಲ ಹೇಳಿದಳು. ನಾನು ಕೇಳಲಿಲ್ಲ.

ಊಟವಾಗಿ ಹಾಲ್‌ನಲ್ಲಿ ಕಾಫಿ ಕುಡಿಯುತ್ತಿದ್ದಾಗ ಕ್ಯಾಸೆಟ್ ಹಾಕಿ, ಕಾಗದವನ್ನು ಅವರ ಮುಂದೆ ಹಿಡಿದೆ. ಅವರು ಅದನ್ನು ಎರಡೂ ಕೈಯಿಂದ ತೆಗೆದುಕೊಂಡರು. ಲಕೋಟೆಯ ಮೇಲಿನ ಹೆಸರು ಓದಿದರು. ಗೋಡೆಯ ಚಿತ್ರ ನೋಡಿದರು. ಟೇಪಿನಲ್ಲಿ ಅವನು ಹಾಡುತ್ತಲೇ ಇದ್ದ. ಅವರು ಎದ್ದು, ಚಿತ್ರದ ಎದುರು ನಿಂತು, ಕೈ ಜೋಡಿಸಿ ತಲೆ ಬಾಗಿಸಿದರು. ನನಗೆ ನಗು ಬಂತು. ಇವರೂ ನನ್ನಂಥ ಅಭಿಮಾನಿಯೇ ಇರಬೇಕು ಅಂದುಕೊಂಡೆ. ಆಮೇಲೆ ಅವರು ತಿರುಗಿ, ತಡವರಿಸುವ ಇಂಗ್ಲಿಷಿನಲ್ಲಿ, ಇವರು ಕಾಯಿಲೆಯಿಂದ ತೀರಿಕೊಂಡು ಒಂದೂವರೆ ವರ್ಷವಾಯಿತು, ನಿಮಗೆ ಗೊತ್ತಿಲ್ಲವೇ ಎಂದು ಕೇಳಿದರು.

ಆಗಲೇ ನನ್ನ ಕಿವಿ ಮುಚ್ಚಿಹೋದದ್ದು. ಅಪ್ಪ ಏನೋ ಅಂದ, ಅವರು ಏನೋ ಅಂದರು. ನನ್ನ ತಲೆಯಲ್ಲಿ ಲೆಕ್ಕ ಓಡುತ್ತಿತ್ತು. ಐದನೆಯ ಕಾಗದ ಸತ್ತವನಿಗೆ ಬರೆದದ್ದು. ಆರನೆಯದು ಸತ್ತವನಿಗೆ ಬರೆದದ್ದು. ಬ್ರೌಸಿಂಗ್ ಸೆಂಟರಿನ ಆ ಚೌಕಗಳು ಏನು ಹೇಳುತ್ತಿದ್ದವೋ, ನಾನು ಅವುಗಳ ಮುಂದೆ ಕೂತು ನಗುತ್ತಿದ್ದೆ.

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಅಜ್ಜಿ ನನ್ನ ಹತ್ತಿರ ಬಂದು ಭುಜ ಮುಟ್ಟಿದಳು. "ಏಳು. ತಲೆಗೆ ನೀರು ಹಾಕ್ಕೋ" ಅಂದಳು.

ಅಜ್ಜಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನಾನಿನ್ನೂ ಅವಳಿಗೆ ಏನೂ ಹೇಳಿರಲಿಲ್ಲ. ಯಾರು, ಏನಾಯಿತು ಎಂದು ಅವಳು ಕೇಳಲೂ ಇಲ್ಲ.

ಅತಿಥಿ ಹೋಗುವವರೆಗೆ ನಾನು ಹೇಗೆ ಕೂತಿದ್ದೆನೋ ತಿಳಿಯದು. ಅವರ ಬೆನ್ನ ಹಿಂದೆ ಬಾಗಿಲು ಮುಚ್ಚಿದ ಕೂಡಲೇ ಅಜ್ಜಿಯ ಕಡೆ ತಿರುಗಿದೆ. "ನಿಂಗೆ ಮುಂಚೇನೇ ಗೊತ್ತಿತ್ತು."

"ಜಪಾನಿಂದ ಕಾರ್ಡು ಬಂದಿತ್ತು" ಅಂದಳು ಅಜ್ಜಿ. "ನೀನು ಸ್ಕೂಲಿಗೆ ಹೋಗಿದ್ದೆ. ಅವನ ಫೋಟೋ ಇತ್ತು. ಸುತ್ತ ಕಪ್ಪು ಅಂಚು."

ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು. ನಮ್ಮಲ್ಲಿ ಶುಭದ ಕಾಗದದ ಮೂಲೆಗೆ ಅರಿಶಿನ ಕುಂಕುಮ, ಅಶುಭದ್ದಕ್ಕೆ ಕಪ್ಪು. ಅಶುಭದ ಕಾಗದ ಮನೆಯೊಳಗೆ ಉಳಿಯಬಾರದು. ನೋಡಿದ ಕೈಯಲ್ಲೇ ಹರಿದೆಸೆದು ತಲೆಗೆ ನೀರು ಹಾಕಿಕೊಳ್ಳಬೇಕು. ಮೈಸೂರಿನಲ್ಲಿ ಅಜ್ಜಿ ಹಾಗೆ ಮಾಡುವುದನ್ನು ಚಿಕ್ಕವಳಿದ್ದಾಗ ಎಷ್ಟೋ ಸಲ ನೋಡಿದ್ದೆ. ನಾನು ಮೂರು ವರ್ಷ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ ಉತ್ತರ ಬಂದಿತ್ತು. ಅಜ್ಜಿ ಅದನ್ನು ಹರಿದು ಹಾಕಿದ್ದಳು.

"ಅಪ್ಪನ ಕೈಲಾದ್ರೂ ಓದಿಸಬಹುದಿತ್ತಲ್ಲ."

"ಕಪ್ಪು ಅಂಚಿನಲ್ಲಿ ಓದೋದೇನಿರತ್ತೆ?"

"ಸ್ನಾನ ಮಾಡೋಕೆ ಅವನೇನು ನಮಗೆ ದಾಯಾದಿಯೇ?"

"ಮೂರು ವರ್ಷ ದಿನಾ ಈ ಮನೇಲಿ ಹಾಡಿದಾನೆ. ನಿಮ್ಮ ಚಿಕ್ಕಪ್ಪ ಕೂಡ ಇಲ್ಲಿ ಅಷ್ಟು ದಿನ ಇದ್ದಿಲ್ಲ." ಅಜ್ಜಿ ಸೆರಗಿನ ತುದಿ ತಿರುವುತ್ತಿದ್ದಳು. "ಪರೀಕ್ಷೆ ಮುಗೀಲಿ ಅಂತಿದ್ದೆ. ಮುಗೀತು. ನೀನು ದಿನಾ ಬಂದು ಪೋಸ್ಟ್ ಬಂತಾ ಅಂತ ಕೇಳ್ತಿದ್ದೆ. ಆ ಮುಖ ನೋಡಿ ಹೇಳೋಕೆ ಬಾಯಿ ಬರಲಿಲ್ಲ."

ನಾನು ಕೂಗಾಡಿದೆ. ಆಗಲೇ ಹೇಳಿದ್ದರೆ ಆ ಆರನೆಯ ಕಾಗದ ಬರೆಯುತ್ತಿರಲಿಲ್ಲ, ಸತ್ತವನನ್ನು ಸತ್ತರೇನು ಎಂದು ಬೈದ ಪಾಪ ನಿನ್ನಿಂದ ನನಗೆ ಬಂತು ಎಂದೆ. ಹಾಗನ್ನಬಾರದಿತ್ತು. ಆದರೆ ಅಂದೆ. ಅಪ್ಪ ಗದರಲು ಬಾಯಿ ತೆರೆದ. ಅಜ್ಜಿ ಕೈಯೆತ್ತಿ ಅವನನ್ನು ತಡೆದಳು.

"ಬೈದರೆ ಏನಾಯ್ತೀಗ?" ಅಂದಳು. "ನಿಮ್ಮ ತಾತ ಹೋಗಿ ಹನ್ನೆರಡು ವರ್ಷ ಆಯ್ತು. ಇವತ್ತು ಬೆಳಿಗ್ಗೆ ಕೂಡ ಬೈದೆ ಅವರನ್ನ. ಬೈಯೋಕೆ ಜನ ಬೇಕಲ್ಲ ನಮಗೆ."

ನಾನು ಆಗ ಅತ್ತೆ. ಅಲ್ಲಿಯವರೆಗೆ ಅಳು ಬಂದಿರಲಿಲ್ಲ.

ಬಚ್ಚಲಿನಲ್ಲಿ ಬಕೆಟ್ ಖಾಲಿಯಿತ್ತು. ಆ ಬೇಸಿಗೆಯಲ್ಲೂ ಲಾರಿಯೇ ಗತಿ, ಅವತ್ತು ಲಾರಿ ಬಂದಿರಲಿಲ್ಲ. ನಾನು ಬರಿಗೈಯಲ್ಲಿ ವಾಪಸ್ಸು ತಿರುಗಿದಾಗ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಎರಡು ಕೊಡ ತುಂಬಿ ತಂದಿದ್ದಳು. ರಾತ್ರಿಯ ಅಡುಗೆಗೆಂದು ಎತ್ತಿಟ್ಟಿದ್ದ ನೀರು ಅದು. ಒಂದನ್ನು ಇಳಿಸಿದಳು, ಇನ್ನೊಂದನ್ನು ಇಳಿಸಿದಳು, "ಎರಡೂ ಹಾಕ್ಕೋ" ಎಂದು ಹೇಳಿ ಹೋದಳು. ಹೋಗುವಾಗ ಅಜ್ಜಿಯ ಪಕ್ಕದಲ್ಲಿ ಒಂದು ಗಳಿಗೆ ನಿಂತಳು.

ತಲೆ ಒರೆಸಿಕೊಳ್ಳದೆ ನಾನು ಹಾಲ್‌ಗೆ ಬಂದೆ. ಯಾರೋ ಟೇಪ್ ನಿಲ್ಲಿಸಿದ್ದರು. ಅಜ್ಜಿ ಚಾಪೆ ಹಾಸಿಕೊಂಡು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ತಟ್ಟಿ ತೋರಿಸಿದಳು. ನೋಟ್‌ಬುಕ್ ತರಲೆಂದು ಕಪಾಟಿನ ಕಡೆ ಹೊರಟೆ. "ಪುಸ್ತಕ ಬೇಡ, ಬಾ" ಅಂದಳು. ಕಣ್ಣು ಮುಚ್ಚಿ ಮೊದಲ ಹಾಡನ್ನು ಹೇಳತೊಡಗಿದಳು. ಸ್ತೋತ್ರ ಹೇಳುವ ಅದೇ ಧಾಟಿ, ಒಂದು ಅಕ್ಷರ ತಪ್ಪಲಿಲ್ಲ. ನಾನು ಮನೆಯಲ್ಲಿಲ್ಲದ ಎಷ್ಟು ಮಧ್ಯಾಹ್ನಗಳಲ್ಲಿ ಅವಳು ಆ ಪುಸ್ತಕ ತೆಗೆದು ಓದಿದ್ದಳೋ. ನಾನೂ ಜೊತೆಗೆ ಶುರುಮಾಡಿದೆ. ಎರಡನೇ ಸಾಲಿಗೆ ನಾನು ತಪ್ಪಿದೆ, ಅಜ್ಜಿ ನಿಲ್ಲಿಸಲಿಲ್ಲ.